ಕಾಳುಮೆಣಸು: ಏರುವ ಕೊಡಿ, ಫಲದ ರೆಂಬೆ, ನೆಲದ ಹಂಬು

ಅಡಿಕೆಯ ಸಾಲಿನಲ್ಲಿ, ಕಾಫಿಯ ನೆರಳುಮರದ ಮೇಲೆ, ಹಿತ್ತಲಿನ ಹಲಸಿನ ಮೈತುಂಬ ಹಬ್ಬಿ ನಿಂತ ಕಾಳುಮೆಣಸಿನ ಬಳ್ಳಿಯನ್ನು ದಿನಾ ಕಾಣುವವರಿಗೆ ಅದು ತೋಟದ ಬೆಳೆ. ಆದರೆ ಆ ಬಳ್ಳಿಯ ಮೈಯಲ್ಲಿ ತೋಟದ ಗುಣಕ್ಕಿಂತ ಕಾಡಿನ ಗುಣವೇ ಇವತ್ತಿಗೂ ಹೆಚ್ಚು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಮಳೆಕಾಡು ಅದರ ತವರು. ದೊಡ್ಡ ಮರಗಳ ಬುಡದ ಕತ್ತಲಲ್ಲಿ ಹುಟ್ಟಿ, ತೊಗಟೆ ಹಿಡಿದು ಬೆಳಕಿನ ಕಡೆಗೆ ಏರಿ, ಏರಿದ ಮೇಲೆ ಫಲ ಬಿಡುವ ಬಳ್ಳಿ ಇದು. ಸಸ್ಯಶಾಸ್ತ್ರದ ಹೆಸರು ಪೈಪರ್ ನೈಗ್ರಮ್. ನಾವು ಜಗಿಯುವ ವೀಳ್ಯದೆಲೆ, ಔಷಧಿಗೆ ಬಳಸುವ ಹಿಪ್ಪಲಿ ಇದೇ ಕುಲದವು. ನೆಡುವುದು, ಕಟ್ಟುವುದು, ಮರಗಸಿ (ನೆರಳು ಕಡಿಮೆ ಮಾಡಲು ಮರದ ಕೊಂಬೆ ಸವರುವುದು), ಸಿಂಪಡಣೆ, ಕೊಯ್ಲು ಎಂದು ನಾವು ಮಾಡುವ ಪ್ರತಿ ಕೆಲಸಕ್ಕೂ ಕಾರಣ ಈ ಕಾಡಿನ ಸ್ವಭಾವದಲ್ಲಿದೆ. ಸ್ವಭಾವ ತಿಳಿಯದೆ ಕೆಲಸದ ಪಟ್ಟಿ ಮಾತ್ರ ಹಿಡಿದರೆ, ಯಾವ ವರ್ಷ ಯಾವ ಕೆಲಸ ತಪ್ಪಿದರೆ ನಡೆಯುತ್ತದೆ, ಯಾವುದು ತಪ್ಪಿದರೆ ಬಳ್ಳಿಯೇ ಹೋಗುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಚೆನ್ನಾಗಿ ಹಬ್ಬಿದ ಏಳೆಂಟು ವರ್ಷದ ಬಳ್ಳಿಯೊಂದರ ಮುಂದೆ ನಿಂತು ಬುಡದಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಒಂದೇ ಬಳ್ಳಿಯಲ್ಲಿ ಮೂರು ಬಗೆಯ ಚಿಗುರು ಸಿಗುತ್ತದೆ. ಮರಕ್ಕೆ ಅಂಟಿಕೊಂಡು ನೇರ ಮೇಲಕ್ಕೆ ಹೋಗುವುದು ಏರುವ ಕೊಡಿ. ಅದರಿಂದ ಪಕ್ಕಕ್ಕೆ ಚಾಚಿ ಗಾಳಿಯಲ್ಲಿ ನಿಲ್ಲುವುದು ಫಲದ ರೆಂಬೆ. ಬುಡದಿಂದ ಹೊರಟು ತರಗೆಲೆಯ ಮೇಲೆ ಹರಿಯುವುದು ಹಂಬು. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಕಾಳುಮೆಣಸಿನ ಅರ್ಧ ವಿದ್ಯೆ ಬಂದಂತೆಯೇ.

ಏರುವ ಕೊಡಿಯ ಗಂಟು ಉಬ್ಬಿರುತ್ತದೆ. ಮರದ ಕಡೆಗೆ ತಿರುಗಿದ ಬದಿಯಲ್ಲಿ ಆ ಗಂಟಿನಿಂದ ಗಿಡ್ಡ ಬೇರುಗಳು ಗುಂಪಾಗಿ ಹೊರಟು ತೊಗಟೆಯ ಬಿರುಕಿಗೆ ಇಳಿಯುತ್ತವೆ. ಮೂರರಿಂದ ಐದು ಸೆಂಟಿಮೀಟರ್ ಉದ್ದ, ಅಷ್ಟೇ. ಇವು ಹಿಡಿದುಕೊಳ್ಳಲು ಇರುವ ಬೇರುಗಳು. ಮರದ ರಸ ಹೀರುವುದಿಲ್ಲ. ಕಾಳುಮೆಣಸು ಬಂದಣಿಕೆಯಂತೆ ಪರಾವಲಂಬಿಯಲ್ಲ, ಊಟ ನೀರು ಎಲ್ಲ ನೆಲದ ಬೇರಿನಿಂದಲೇ. ಬಳ್ಳಿ ಹಬ್ಬಿಸಿದರೆ ಮರ ಬಡವಾಗುತ್ತದೆ ಎಂದು ಹೆದರಿ ಹಲಸು ಮಾವುಗಳನ್ನು ಖಾಲಿ ಬಿಟ್ಟವರು ಇದನ್ನು ಗಮನಿಸಬೇಕು. ಇನ್ನೊಂದು ಮಾತು: ಒಮ್ಮೆ ಕಿತ್ತುಬಂದ ಹಳೆಯ ಗಂಟು ಮತ್ತೆ ಮರವನ್ನು ಹಿಡಿಯುವುದು ಕಷ್ಟ. ಹಿಡಿತ ಸಿಗುವುದು ಮುಂದೆ ಬರುವ ಎಳೆಯ ಗಂಟುಗಳಿಗೆ. ಗಾಳಿಗೆ ಜಾರಿದ ಬಳ್ಳಿಯನ್ನು ಎತ್ತಿ ಮರಕ್ಕೆ ಒರಗಿಸಿಟ್ಟರೆ ಸಾಲದು, ಹೊಸ ಚಿಗುರು ಬೇರೂರುವವರೆಗೂ ಕಟ್ಟಿಯೇ ಇಡಬೇಕು ಎನ್ನುವುದು ಇದಕ್ಕೇ.

ಫಲದ ರೆಂಬೆ ಏರುವ ಕೊಡಿಯ ಎಲೆಕಂಕುಳಿಂದ ಹೊರಡುತ್ತದೆ. ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಿ: ನೇರವಾಗಿಲ್ಲ, ಗಂಟುಗಂಟಿಗೂ ಆಚೆ ಈಚೆ ಓರೆಯಾಗಿ ಸಾಗುತ್ತದೆ. ಗಂಟಿನಲ್ಲಿ ಬೇರು ಇಲ್ಲ. ಎಲೆ ಒಂದು ಬದಿಗೆ, ತೆನೆ ಅದರ ಎದುರು ಬದಿಗೆ. ಇದು ಹೀಗೇಕೆ? ರೆಂಬೆಯ ತುದಿಮೊಗ್ಗೇ ಪ್ರತಿ ಸಲ ತೆನೆಯಾಗಿ ಮುಗಿದುಹೋಗುತ್ತದೆ. ಮುಂದಿನ ಬೆಳವಣಿಗೆಯನ್ನು ಪಕ್ಕದ ಕಂಕುಳಮೊಗ್ಗು ಎತ್ತಿಕೊಳ್ಳುತ್ತದೆ, ಆ ಮೊಗ್ಗೂ ಮತ್ತೆ ತೆನೆಯಾಗುತ್ತದೆ. ಆ ಅಂಕುಡೊಂಕು ಹುಟ್ಟುವುದು ಹೀಗೆ. ಹೊಸ ಚಿಗುರು ಬಂದರೆ ಮಾತ್ರ ಹೊಸ ತೆನೆ. ಕಳೆದ ವರ್ಷ ತೆನೆ ಬಿಟ್ಟ ಜಾಗದಲ್ಲೇ ಈ ವರ್ಷವೂ ಬಿಡಲಿ ಎಂದು ಕಾಯುವಂತಿಲ್ಲ. ಎಲೆಯ ಆಕಾರವೂ ಬೇರೆ. ಏರುವ ಕೊಡಿಯ ಎಲೆ ಹೃದಯದಾಕಾರ, ಎರಡು ಬದಿ ಸಮ. ರೆಂಬೆಯ ಎಲೆ ನೀಳ, ತೊಟ್ಟಿನ ಬಳಿ ಒಂದು ಬದಿ ಸ್ವಲ್ಪ ಕೆಳಗಿಳಿದಿರುತ್ತದೆ.

ಹಂಬಿಗೆ ಕಾಡಿನಲ್ಲಿ ಒಂದು ಕೆಲಸವಿದೆ, ಇನ್ನೊಂದು ಮರವನ್ನು ಹುಡುಕುವುದು. ಉದ್ದುದ್ದ ಗೆಣ್ಣು (ಎರಡು ಗಂಟುಗಳ ನಡುವಿನ ಭಾಗ), ಚಿಕ್ಕ ಎಲೆ, ಮಣ್ಣು ತಾಗಿದಲ್ಲೆಲ್ಲ ಬೇರು. ತೋಟದಲ್ಲಿ ಅದಕ್ಕೆ ಎರಡು ಮುಖ. ಸಸಿ ಮಾಡಲು ಅದಕ್ಕಿಂತ ಒಳ್ಳೆಯ ಕಡ್ಡಿ ಇಲ್ಲ. ಕೊಳೆರೋಗ ನೆಲದಿಂದ ಬಳ್ಳಿಗೆ ಹತ್ತುವ ಏಣಿಯೂ ಅದೇ. ಇದರ ವಿಚಾರ ಮುಂದೆ ಬರುತ್ತದೆ.

ಮರದ ನೆತ್ತಿ ಮುಟ್ಟಿದ ಬಳ್ಳಿಯಿಂದ ಬೇರಿಲ್ಲದ ಕೆಲವು ಕೊಡಿಗಳು ಕೆಳಗೆ ಜೋತುಬೀಳುವುದೂ ಉಂಟು. ಅವುಗಳಿಂದ ಆಗುವುದು ಅಷ್ಟರಲ್ಲೇ ಇದೆ. ಕೊಯ್ಲಿನ ಹೊತ್ತಿಗೆ ಕತ್ತರಿಸಿದರಾಯಿತು.

ಈ ಮೂರು ಚಿಗುರುಗಳ ಬಗ್ಗೆ ನನಗೆ ಅತ್ಯಂತ ಸೋಜಿಗದ ಸಂಗತಿ ಎಂದರೆ, ಬಳ್ಳಿಯಿಂದ ಕತ್ತರಿಸಿದ ಮೇಲೂ ಅವು ತಮ್ಮ ಗುಣವನ್ನು ಬಿಡದಿರುವುದು. ಹಂಬಿನ ಕಡ್ಡಿ ನೆಟ್ಟರೆ ಅದು ಮರ ಹತ್ತುತ್ತದೆ, ಮೊದಲು ಕೊಡಿ, ಆಮೇಲೆ ರೆಂಬೆ, ಮೂರನೇ ವರ್ಷಕ್ಕೆ ಫಲ. ಫಲದ ರೆಂಬೆಯ ಕಡ್ಡಿ ನೆಟ್ಟರೆ ಅದು ಹತ್ತುವುದೇ ಇಲ್ಲ. ಕುಂಡದಲ್ಲಿ ಪೊದೆಯಾಗಿ ನಿಂತು ಅದೇ ವರ್ಷವೇ ತೆನೆ ಬಿಡಲು ಶುರುಮಾಡುತ್ತದೆ. ಬೆಂಗಳೂರಿನ ಟೆರೇಸಿನಲ್ಲಿ ಬೆಳೆಸುವ ಪೊದೆಮೆಣಸು ಬೇರೆ ತಳಿಯಲ್ಲ, ಅದೇ ಬಳ್ಳಿಯ ರೆಂಬೆ. ಆದರೆ ರೆಂಬೆಗೆ ಬೇರು ಬರಿಸುವುದು ಸುಲಭವಲ್ಲ. ಒಂದು ವರ್ಷ ಬಲಿತ, ಮೂರರಿಂದ ಐದು ಗಂಟಿನ ರೆಂಬೆ ತೆಗೆದುಕೊಂಡು ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದಿ, ಮುಚ್ಚಿದ ಪ್ಲಾಸ್ಟಿಕ್ ಚೀಲದ ತೇವದಲ್ಲಿ ಒಂದು ತಿಂಗಳಿಗೂ ಮೇಲೆ ಇಡಬೇಕು. ಆಗಲೂ ಸಾಕಷ್ಟು ಕಡ್ಡಿ ಕೊಳೆತು ಹೋಗುತ್ತವೆ. ಹತ್ತು ಗಿಡ ಬೇಕಿದ್ದರೆ ಇಪ್ಪತ್ತು ಕಡ್ಡಿ ಹಾಕಿ. ಪೊದೆಯ ಬುಡದಿಂದ ಉದ್ದನೆಯ ಹಂಬು ಎದ್ದರೆ ಕೂಡಲೇ ಚಿವುಟಿ. ಬಿಟ್ಟರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ.

ಬೀಜದಿಂದ ಬೆಳೆಸಬಹುದೇ ಎಂದು ಕೇಳುವವರಿದ್ದಾರೆ. ಅಂಗಡಿಯ ಒಣ ಕಾಳು ಮೊಳೆಯುವುದಿಲ್ಲ, ಒಣಗಿದೊಡನೆ ಬೀಜದ ಜೀವ ಹೋಗುತ್ತದೆ. ಹಕ್ಕಿ ತಿಂದು ಉದುರಿಸಿದ ಹಣ್ಣಿನ ಬೀಜ ಮರದಡಿಯಲ್ಲಿ ಮೊಳೆಯುತ್ತದೆ ನಿಜ. ಆದರೆ ತಾಯಿಯ ಗುಣ ಮರಿಗೆ ಬರುತ್ತದೆಂಬ ಭರವಸೆಯಿಲ್ಲ, ಫಲಕ್ಕೆ ಬಹಳ ವರ್ಷ ಕಾಯಬೇಕು. ಕಾಡಿನ ಮೆಣಸಿನಲ್ಲಿ ಗಂಡು ಬಳ್ಳಿ ಹೆಣ್ಣು ಬಳ್ಳಿ ಬೇರೆ ಬೇರೆ ಇರುವುದೇ ಹೆಚ್ಚು. ತೋಟಕ್ಕೆ ಬಂದ ತಳಿಗಳಲ್ಲಿ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ತಲೆಮಾರುಗಳಿಂದ ಜನ ಆರಿಸಿ ಕಡ್ಡಿಯಿಂದ ಉಳಿಸಿಕೊಂಡು ಬಂದ ಗುಣ ಅದು.

ಆಸರೆ ಮರದ ಆಯ್ಕೆಗೆ ಒಂದೇ ಪರೀಕ್ಷೆ: ತೊಗಟೆ ಒರಟಾಗಿರಬೇಕು, ಉದುರಬಾರದು. ನೀಲಗಿರಿಯಂತೆ ಸಿಪ್ಪೆ ಕಳಚುವ ಮರಕ್ಕೆ ಬಳ್ಳಿ ಹಬ್ಬಿಸಿದರೆ ಸಿಪ್ಪೆಯ ಜೊತೆಗೇ ಬಳ್ಳಿಯೂ ಕೆಳಗೆ. ಮಲೆನಾಡು, ಕೊಡಗಿನಲ್ಲಿ ಹಾಲುವಾಣ ಹಿಂದಿನಿಂದ ಬಂದ ಆಸರೆ. ಒರಟು ತೊಗಟೆ, ಕೊಂಬೆ ನೆಟ್ಟರೆ ಬದುಕುತ್ತದೆ, ಎಲೆ ಉದುರಿ ಗೊಬ್ಬರವಾಗುತ್ತದೆ. 2005ರ ಆಚೀಚೆ ಎಲೆಯಲ್ಲಿ ಗಂಟು ಬರಿಸುವ ಸಣ್ಣ ಕಣಜವೊಂದು ಹಾಲುವಾಣವನ್ನು ಹಿಡಿದ ಮೇಲೆ ಬಹಳ ಮಂದಿ ಸಿಲ್ವರ್ ಓಕ್ ಕಡೆಗೆ ತಿರುಗಿದರು. ಸಿಲ್ವರ್ ಓಕ್ ನೇರ ಬೆಳೆಯುತ್ತದೆ, ಮರಗಸಿ ಸುಲಭ, ಎತ್ತರ ಮಾತ್ರ ಅತಿ. ಮೂವತ್ತು ಅಡಿ ಮೇಲಿನ ತೆನೆ ಕೊಯ್ಯಲು ಏಣಿ ಹತ್ತುವವರು ಸಿಗುವುದೇ ಈಗಿನ ತೊಡಕು. ಮಲೇಷ್ಯಾದ ಸರವಾಕಿನಲ್ಲಿ ಮರದ ಬದಲು ಬೆಲಿಯನ್ ಎಂಬ ಗಟ್ಟಿ ಮರದ ಕಂಬ ನೆಟ್ಟು ಕೈಗೆಟುಕುವ ಎತ್ತರದಲ್ಲೇ ಬಳ್ಳಿ ಬೆಳೆಸುತ್ತಾರೆ. ನೆರಳಿಲ್ಲದ ಆ ಬಳ್ಳಿಗೆ ಗೊಬ್ಬರವೂ ಆರೈಕೆಯೂ ಬಹಳ ಬೇಕು. ನಮ್ಮ ನಾಲ್ಕು ತಿಂಗಳ ಒಣ ಬೇಸಿಗೆಗೆ ಜೀವಂತ ಮರದ ಆಸರೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ನೆಡುವಾಗ ಮರದಿಂದ ಒಂದು ಅಡಿ, ಅಂದರೆ 30 ಸೆಂಟಿಮೀಟರ್ ದೂರದಲ್ಲಿ, ಉತ್ತರ ದಿಕ್ಕಿಗೆ ಗುಂಡಿ ತೆಗೆಯಿರಿ. ಉದ್ದ, ಅಗಲ, ಆಳ ಅರ್ಧರ್ಧ ಮೀಟರ್. ಉತ್ತರವೇ ಏಕೆಂದರೆ ಜನವರಿಯಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ, ಪಶ್ಚಿಮದ ಬದಿಗೆ ನೆಟ್ಟ ಎಳೆಬಳ್ಳಿ ಆ ಬಿಸಿಲಿಗೆ ಬೆಂದುಹೋಗುತ್ತದೆ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಗುಂಡಿ ತುಂಬಿ, ಮುಂಗಾರು ಹಿಡಿದ ಮೇಲೆ ಗುಂಡಿಗೆ ಎರಡು ಮೂರು ಬೇರುಬಂದ ಸಸಿ ಇಡಿ. ಮಣ್ಣು ಬುಡದಲ್ಲಿ ಸ್ವಲ್ಪ ಏರಿಕೊಂಡಿರಬೇಕು. ಗುಂಡಿ ತಗ್ಗಾಗಿ ಉಳಿದು ನೀರು ನಿಂತರೆ ಬೇರು ಮೊದಲ ಮಳೆಗಾಲ ದಾಟುವುದಿಲ್ಲ. ಮಳೆಕಾಡಿನ ಬಳ್ಳಿಗೆ ನೀರು ನಿಂತರೇನು ಎಂದು ಕೇಳಬಹುದು. ಕಾಡಿನಲ್ಲಿ ಎಷ್ಟು ಮಳೆ ಸುರಿದರೂ ತರಗೆಲೆಯ ಸಡಿಲ ಮಣ್ಣಿನಲ್ಲಿ ನೀರು ನಿಲ್ಲದೆ ಇಳಿಜಾರಿಗೆ ಹರಿದುಹೋಗುತ್ತದೆ. ಮೆಣಸಿಗೆ ಬೇಕಾದದ್ದು ತೇವ, ಕೆಸರಲ್ಲ.

ಸಸಿ ಚಿಗುರಿ ಮರ ಮುಟ್ಟುವವರೆಗೂ ಕಟ್ಟು ತಪ್ಪಿಸಬೇಡಿ. ಹಳೆ ಸೀರೆಯ ಪಟ್ಟಿ, ಬಾಳೆನಾರು, ಸೆಣಬಿನ ಹುರಿ ಯಾವುದಾದರೂ ಆದೀತು, ಬಳ್ಳಿ ದಪ್ಪವಾಗುವ ಹೊತ್ತಿಗೆ ತಾನೇ ಕೊಳೆತು ಬಿಟ್ಟುಕೊಡುವಂಥದ್ದಾಗಿರಬೇಕು. ಪ್ಲಾಸ್ಟಿಕ್ ದಾರ ಕೊಳೆಯದೆ ಕಾಂಡಕ್ಕೆ ಕಚ್ಚಿಕೊಳ್ಳುತ್ತದೆ. ಆ ಗಾಯದ ಮೇಲಿನ ಭಾಗವೆಲ್ಲ ಹಳದಿಯಾದಾಗ ರೋಗವೆಂದು ಔಷಧಿ ಹೊಡೆಯುವವರೂ ಇದ್ದಾರೆ. ಕಟ್ಟು ಗಂಟಿನ ಹತ್ತಿರ ಬೀಳಬೇಕು, ಬೇರು ಹೊರಡುವ ಬದಿ ತೊಗಟೆಗೆ ಒತ್ತಿರಬೇಕು. ಮೊದಲ ಎರಡು ಬೇಸಿಗೆ ಅಡಿಕೆ ಸೋಗೆ ಕಟ್ಟಿ ನೆರಳು ಕೊಡಿ.

ಬೆಳಕಿನ ಲೆಕ್ಕ ಬಹಳ ಜನ ತಪ್ಪುವ ಜಾಗ. ಕಾಡಿನ ಬಳ್ಳಿ, ಹಾಗಾದರೆ ನೆರಳೇ ಬೇಕು ಎಂದು ದಟ್ಟ ನೆರಳಿನಲ್ಲಿ ಬಿಟ್ಟರೆ ಬಳ್ಳಿ ಸಾಯುವುದಿಲ್ಲ. ಕಾಡಿನಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತದೆ, ಬೆಳಕು ಹುಡುಕಿಕೊಂಡು ಸರಸರನೆ ಏರುತ್ತದೆ. ಕೆಳಗಿನ ಗಂಟುಗಳಲ್ಲಿ ರೆಂಬೆ ಒಡೆಯುವುದೇ ಇಲ್ಲ. ಬುಡದಿಂದ ಹತ್ತು ಅಡಿ ಬರಿ ಹಗ್ಗ, ತೆನೆಯೆಲ್ಲ ನೆತ್ತಿಯಲ್ಲಿ. ಇಳುವರಿ ಎಂದರೆ ರೆಂಬೆಗಳ ಲೆಕ್ಕ, ಬುಡದಿಂದಲೇ ಮರ ಸುತ್ತಿದ ಬಳ್ಳಿಯೇ ತೂಕ ಕೊಡುವುದು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಮರಗಸಿ ಆಗಲೇಬೇಕು. ಬೇಸಿಗೆಯಲ್ಲಿ ನೆರಳು, ಮಳೆಗಾಲದಲ್ಲಿ ಬೆಳಕು. ಮರಗಸಿಯಿಂದ ಚಿಗುರಿಗೆ ಬೆಳಕು ಸಿಗುತ್ತದೆ, ಒಳಗೆ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ಕೊಳೆರೋಗಕ್ಕೆ ಇದೇ ಮೊದಲ ಔಷಧಿ.

ಹೂವಿನ ವಿಷಯದಲ್ಲಿ ಮಳೆಯೇ ಯಜಮಾನ. ಬೇಸಿಗೆಯ ಬರಡಿನ ನಂತರ ಮೇ-ಜೂನಿನಲ್ಲಿ ಇಪ್ಪತ್ತು ದಿನಗಳೊಳಗೆ ಸುಮಾರು 70 ಮಿಲಿಮೀಟರ್ ಮಳೆ ಬಿದ್ದರೆ ಸಾಕು, ಬಳ್ಳಿ ಚಿಗುರಿ ತೆನೆ ಹೊರಡಿಸುತ್ತದೆ. ಹೊರಟ ಮೇಲೆ ಮಳೆ ಬಿಡಬಾರದು. ನಡುವೆ ಕೆಲವು ದಿನ ಒಣ ಹವೆ ಬಂದರೂ ತೆನೆ ಉದುರುತ್ತದೆ, ಉಳಿದ ತೆನೆಯಲ್ಲಿ ಕಾಳು ವಿರಳ. ಭೂತಗನ್ನಡಿ ಹಿಡಿದು ಎಳೆ ತೆನೆಯನ್ನು ನೋಡಿದರೆ ಇದರ ಕಾರಣ ಅರ್ಥವಾಗುತ್ತದೆ. ಹೂವಿಗೆ ಎಸಳಿಲ್ಲ, ಬಣ್ಣವಿಲ್ಲ. ಹಸಿರು ದಂಟಿನ ಮೇಲೆ ಸಣ್ಣ ಬಿಳಿ ನಕ್ಷತ್ರದಂತೆ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣುಭಾಗದ ತುದಿ, ಮೊದಲು ತೆರೆದುಕೊಳ್ಳುತ್ತದೆ. ಕೆಲವು ದಿನಗಳಾದ ಮೇಲೆ ಅದರ ಎರಡು ಪಕ್ಕದಲ್ಲಿ ಎರಡು ಪರಾಗಕೋಶ ಇಣುಕುತ್ತವೆ. ತೆನೆಯ ಮೇಲ್ಭಾಗದ ಹೂ ಮೊದಲು, ತುದಿಯದ್ದು ಕೊನೆಗೆ. ಪರಾಗ ಅಂಟಂಟಾಗಿರುತ್ತದೆ. ಜೋತುಬಿದ್ದ ತೆನೆಯಲ್ಲಿ ಅದು ಮೇಲಿನಿಂದ ಕೆಳಗಿನ ಹೂಗಳಿಗೆ ಇಳಿಯಲು ಮಳೆಹನಿ ನೆರವಾಗುತ್ತದೆ. ಜೇನಿಲ್ಲದ ಮಳೆಗಾಲದ ಕಾಡಿನಲ್ಲಿ ಹೂ ಬಿಡುವ ಬಳ್ಳಿ ಇಂಥ ದಾರಿ ಕಂಡುಕೊಂಡಿದೆ. ನೀರಾವರಿ ಇರುವವರು ಮಾರ್ಚ್ ಕೊನೆಯಿಂದ ತುಂತುರು ಕೊಟ್ಟು ಬಳ್ಳಿ ಎಬ್ಬಿಸಿದರೆ, ಮಳೆ ಬರುವವರೆಗೂ ಆ ನೀರು ನಿಲ್ಲಿಸುವಂತಿಲ್ಲ. ಅರ್ಧಕ್ಕೆ ನಿಲ್ಲಿಸುವುದಾದರೆ ಶುರು ಮಾಡದಿರುವುದೇ ಒಳ್ಳೆಯದು.

ತಳಿಗಳ ವಿಷಯ ಹೇಳದೆ ಬೆಳಕಿನ ಮಾತು ಪೂರ್ತಿಯಾಗದು. ಪನ್ನಿಯೂರು-1 ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದ ಮಿಶ್ರತಳಿ, ಉತ್ತಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ನಾಡ ತಳಿಗಳ ಮಗು. ಉದ್ದ ತೆನೆ, ದಪ್ಪ ಕಾಳು. ಆದರೆ ಬೆಳಕು ಬೇಕೇ ಬೇಕು. ದಟ್ಟ ನೆರಳಿನ ಕಾಫಿ ತೋಟದಲ್ಲಿ ಅದನ್ನು ನೆಟ್ಟು ಫಲವಿಲ್ಲವೆಂದು ಬೈದರೆ ತಪ್ಪು ತಳಿಯದ್ದಲ್ಲ. ಕರಿಮುಂಡ ನೆರಳನ್ನು ತಾಳಿಕೊಳ್ಳುತ್ತದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ಎಂಬ ತಳಿಗಳು ಕೊಳೆರೋಗವನ್ನು ಒಂದು ಮಟ್ಟಿಗೆ ತಡೆಯುತ್ತವೆ. ಪೌರ್ಣಮಿ ಎಂಬ ತಳಿ ಬೇರಿನಲ್ಲಿ ಗಂಟು ಬರಿಸುವ, ಮಣ್ಣಿನ ಸೂಕ್ಷ್ಮ ಜಂತುಹುಳುವನ್ನು ತಾಳಿಕೊಳ್ಳುತ್ತದೆ. ನಮ್ಮ ಕಡೆಯ ಮಲ್ಲಿಗೆಸರ, ಉದ್ದಗರ, ದೊಡ್ಡಿಗ, ತಟ್ಟಿಸರಗಳನ್ನು ಕೈಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಶರಾವತಿ ಕಣಿವೆಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇದೇ ಸೀಮೆಯ ಬಳ್ಳಿಗಳ ಬಲದಿಂದ. ತೋಟವಿಡೀ ಒಂದೇ ತಳಿ ತುಂಬಿದರೆ, ಒಂದು ಕೆಟ್ಟ ಮಳೆಗಾಲಕ್ಕೆ ಎಲ್ಲವೂ ಒಟ್ಟಿಗೆ ಹೋಗುವ ಅಪಾಯವಿದೆ. ಮೂರ್ನಾಲ್ಕು ತಳಿ ಬೆರೆಸಿ ನೆಡಿ.

ಇನ್ನು ಕೊಳೆರೋಗ, ಅಂದರೆ ಶೀಘ್ರ ಸೊರಗು ರೋಗ. ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ಶಿಲೀಂಧ್ರದಂಥ ಜೀವಿ ಇದರ ಮೂಲ. ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಮಳೆ ಹಿಡಿದು ಎಲೆ ದಿನವಿಡೀ ಒದ್ದೆಯಾಗಿದ್ದು, ಬಿಸಿಲು ಕಾಣದೆ, ಉಷ್ಣಾಂಶ 22ರಿಂದ 29 ಡಿಗ್ರಿಯ ನಡುವೆ ನಿಂತಾಗ ಏಳುತ್ತದೆ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಮಳೆಹನಿ ಮಣ್ಣಿಗೆ ಬಿದ್ದು ಸಿಡಿದಾಗ ಆ ಕೆಸರಿನ ಜೊತೆ ಮೊದಲು ತಲುಪುವುದು ನೆಲದ ಮೇಲೆ ಹರಡಿದ ಹಂಬಿನ ಎಳೆ ಎಲೆಗೆ. ಅಲ್ಲಿಂದ ಬುಡದ ಎಲೆಗೆ, ಅಲ್ಲಿಂದ ಮೇಲಕ್ಕೆ. ಹಂಬನ್ನು ಏಣಿ ಎಂದದ್ದು ಇದಕ್ಕೇ. ಜೂನಿಗೆ ಮುಂಚೆ ನೆಲ ಮುಟ್ಟಿದ ಪ್ರತಿ ಹಂಬನ್ನೂ ಕತ್ತರಿಸಿ ಅಥವಾ ಎತ್ತಿ ಮರಕ್ಕೆ ಕಟ್ಟಿ. ಬುಡದ ಮಣ್ಣು ಸಿಡಿಯದಂತೆ ತರಗೆಲೆ ಹೊದಿಕೆ ಇರಲಿ, ಆದರೆ ಹೊದಿಕೆ ಕಾಂಡಕ್ಕೆ ತಾಗದಿರಲಿ.

ಗುರುತು ಹೇಗೆ? ಎಳೆ ಎಲೆಯಲ್ಲಿ ಕಪ್ಪು ಮಚ್ಚೆ. ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ: ಮಚ್ಚೆಯ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿರದೆ, ಹತ್ತಿಯ ಎಳೆ ಹರಡಿದ ಹಾಗೆ ನಾರುನಾರಾಗಿ ಮುಂದಕ್ಕೆ ಹರಿಯುತ್ತಿದ್ದರೆ ಅದು ಕೊಳೆರೋಗ. ಅಂಚು ಚೊಕ್ಕಟವಾಗಿದ್ದು ಸುತ್ತ ಹಳದಿ ಉಂಗುರ ಇದ್ದರೆ ಚಿಬ್ಬು ರೋಗ ಇರಬಹುದು. ಎಲೆ, ರೆಂಬೆಗೆ ಬಂದದ್ದನ್ನು ಉಳಿಸಿಕೊಳ್ಳಬಹುದು. ನೆಲಮಟ್ಟದ ಕಾಂಡಕ್ಕೆ ಬಂದರೆ ಕಷ್ಟ. ಹಸಿರು ಎಲೆ ಇದ್ದಕ್ಕಿದ್ದಂತೆ ಬಾಡಿ, ಗೆಣ್ಣುಗಳು ಗಂಟಿನಲ್ಲಿ ಕಳಚಿ ಬೀಳುತ್ತವೆ. ಎರಡು ಮೂರು ವಾರಗಳಲ್ಲಿ ಇಡೀ ಬಳ್ಳಿ ಮುಗಿಯುತ್ತದೆ. ಅಂಥ ಬಳ್ಳಿಯನ್ನು ಬೇರುಸಹಿತ ತೆಗೆದು ಸುಡಿ. ಆ ಗುಂಡಿಯ ಮಣ್ಣು ಕೆದಕಿದ ಗುದ್ದಲಿಯನ್ನು ತೊಳೆಯದೆ ಪಕ್ಕದ ಬಳ್ಳಿಗೆ ಹಚ್ಚಬೇಡಿ.

ಕೊಳೆರೋಗ ತಡೆಯಲು ಸಿಂಪಡಿಸುವುದು ತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಶೇಕಡಾ 1ರದ್ದು. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಕೆಜಿ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ 50 ಲೀಟರ್ ಮಾಡಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೆ ದ್ರಾವಣ ಒಡೆದು ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ, ಎಲೆಗೆ ಅಂಟುವುದಿಲ್ಲ. ಪಾತ್ರೆ ಪ್ಲಾಸ್ಟಿಕ್ ಇರಲಿ, ಕಬ್ಬಿಣ ಬೇಡ. ಹದ ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ಎತ್ತಿ. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ತುತ್ತ ಉಳಿದಿದೆ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಹಳೆಯ ಸುಣ್ಣ ಗಾಳಿಗೆ ಸತ್ತಿದ್ದರೆ ಎಷ್ಟು ಹಾಕಿದರೂ ಹದ ಬರುವುದಿಲ್ಲ. ಮಾಡಿದ ದಿನವೇ ಮುಗಿಸಿ, ಮರುದಿನಕ್ಕೆ ಅದರ ಗುಣ ಇಲ್ಲ. ಮೊದಲ ಸಿಂಪಡಣೆ ಮುಂಗಾರು ಪೂರ್ವದ ಮಳೆ ಬಿದ್ದೊಡನೆ ಮೇ-ಜೂನಿನಲ್ಲಿ, ಎರಡನೆಯದು ಆಗಸ್ಟ್-ಸೆಪ್ಟೆಂಬರಿನ ಬಿಡುವಿನಲ್ಲಿ, ಮಳೆ ಎಳೆದರೆ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಎಲೆಯ ಅಡಿಭಾಗಕ್ಕೂ ತಾಗಬೇಕು. ಅದೇ ಹೊತ್ತಿಗೆ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2 ಗ್ರಾಂ, ಬಳ್ಳಿಯ ಗಾತ್ರ ನೋಡಿ ಐದರಿಂದ ಹತ್ತು ಲೀಟರ್ ಸುರಿಯಿರಿ.

ತಾಮ್ರ ಬಳಸುವವರು ರೋಗಾಣುವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಹಾಕಿದರೆ ದುಡ್ಡು ದಂಡ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ತಾಮ್ರ ಅದನ್ನೂ ಕೊಲ್ಲುತ್ತದೆ. ಜೈವಿಕ ದಾರಿ ಹಿಡಿಯುವುದಾದರೆ ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ ಅಥವಾ ಬೇವಿನ ಹಿಂಡಿಯಲ್ಲಿ ಬೆರೆಸಿ ಬುಡಕ್ಕೆ ಕೊಟ್ಟು, ಎಲೆಗೆ ಪೊಟ್ಯಾಸಿಯಂ ಫಾಸ್ಫೊನೇಟ್, ಲೀಟರಿಗೆ 3 ಮಿಲಿಲೀಟರ್, ಹೊಡೆಯಿರಿ, ಇವೆರಡಕ್ಕೆ ಜಗಳವಿಲ್ಲ.

ನಿಧಾನ ಸೊರಗು ರೋಗ ಬೇರೆಯೇ. ಮಳೆ ಮುಗಿದ ಅಕ್ಟೋಬರಿನಿಂದ ಎಲೆ ಹಳದಿಯಾಗುತ್ತದೆ, ಮುಂದಿನ ಮಳೆಗೆ ಚೇತರಿಸಿಕೊಂಡಂತೆ ಕಾಣುತ್ತದೆ, ಮರುವರ್ಷ ಮತ್ತೆ ಹಳದಿ. ಹೀಗೆ ಎರಡು ಮೂರು ವರ್ಷ ಎಳೆದಾಡಿ ಬಳ್ಳಿ ಕಣ್ಮರೆಯಾಗುತ್ತದೆ. ಗೊಬ್ಬರ ಸಾಲದೆಂದು ಯೂರಿಯಾ ಹಾಕುವ ಮುಂಚೆ ಒಂದು ಹಿಡಿ ಬೇರು ಅಗೆದು ತೊಳೆದು ನೋಡಿ. ಬೇರಿನಲ್ಲಿ ಗಂಟುಗಂಟು ಇದ್ದರೆ, ಅಥವಾ ಸಣ್ಣ ಬೇರೆಲ್ಲ ಕಪ್ಪಾಗಿ ಕೊಳೆತಿದ್ದರೆ ಜಂತುಹುಳುವಿನ ಕೆಲಸ. ಎಷ್ಟೋ ಸಲ ನರ್ಸರಿಯ ಮಣ್ಣಿನಲ್ಲೇ ಇದು ಬಂದಿರುತ್ತದೆ. ಹಾಗಾಗಿ ಸಸಿ ಮಣ್ಣನ್ನು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬೇಸಿಗೆ ಬಿಸಿಲಿಗೆ ಬೇಯಿಸಿಯೇ ಚೀಲ ತುಂಬಬೇಕು. ಕಾಳು ಕಪ್ಪಾಗಿ ಒಳಗೆ ಟೊಳ್ಳಾದರೆ ಪೊಳ್ಳು ದುಂಬಿ. ನೆರಳು ಹೆಚ್ಚಿದ್ದಲ್ಲೇ ಅದರ ಕಾಟ ಜಾಸ್ತಿ, ಮತ್ತೆ ಮರಗಸಿಗೇ ಬಂದು ನಿಲ್ಲುತ್ತೇವೆ.

ನೀರು ನಿಲ್ಲುವ ಅಡಿಕೆ ತೋಟದವರು ಹಿಪ್ಪಲಿ ಕಸಿಯ ಸಸಿ ನೆಡುತ್ತಾರೆ. ದಕ್ಷಿಣ ಅಮೆರಿಕದ ಜೌಗಿನಲ್ಲಿ ಬೆಳೆಯುವ ಪೈಪರ್ ಕೊಲುಬ್ರಿನಮ್ ಎಂಬ ಕಾಡುಹಿಪ್ಪಲಿ ಬುಡ, ಮೇಲೆ ನಮ್ಮ ಮೆಣಸು. ಆ ಬುಡಕ್ಕೆ ಕೊಳೆರೋಗವೂ ಜಂತುಹುಳುವೂ ಹತ್ತುವುದಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿದರೆ ಮಾತ್ರ ಸಹಿಸದು. ಕೆಲವು ವರ್ಷಗಳ ನಂತರ ಕಸಿಯ ಜಾಗದಲ್ಲಿ ಎರಡೂ ಕಾಂಡ ಹೊಂದದೆ ಬಳ್ಳಿ ಸೋಲುವುದೂ ಇದೆ. ಕಸಿಗಂಟಿನ ಕೆಳಗಿಂದ ಹಿಪ್ಪಲಿ ಚಿಗುರಿದರೆ ತಿಂಗಳಿಗೊಮ್ಮೆ ಮುರಿಯಬೇಕು, ಮೆಣಸಿನ ಹಂಬು ಮಣ್ಣು ಮುಟ್ಟಿ ತನ್ನದೇ ಬೇರು ಬಿಡದಂತೆಯೂ ನೋಡಬೇಕು. ಬಿಟ್ಟಿತೆಂದರೆ ರೋಗ ಅದೇ ದಾರಿಯಲ್ಲಿ ಬರುತ್ತದೆ, ಕಸಿ ಮಾಡಿದ ಅರ್ಥವೇ ಹೋಗುತ್ತದೆ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ವರ್ಷಕ್ಕೆ ಬಳ್ಳಿಗೆ ಹತ್ತು ಕೆಜಿ ಕೊಟ್ಟಿಗೆ ಗೊಬ್ಬರ, ವರ್ಷ ಬಿಟ್ಟು ವರ್ಷ ಏಪ್ರಿಲ್-ಮೇಯಲ್ಲಿ ಅರ್ಧ ಕೆಜಿ ಸುಣ್ಣ ಕೊಡಿ. ಉಣ್ಣುವ ಬೇರು ಮೇಲ್ಪದರದಲ್ಲೇ ಇರುವುದರಿಂದ ಬುಡ ಅಗೆಯಬೇಡಿ. ಒಂದು ಅಡಿ ದೂರದಲ್ಲಿ ಸುತ್ತ ಹರಡಿ ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಕಳೆಯನ್ನೂ ಕೆತ್ತುವ ಬದಲು ಕೊಯ್ಯಿರಿ.

ಹೂವಿನಿಂದ ಕೊಯ್ಲಿಗೆ ಆರರಿಂದ ಎಂಟು ತಿಂಗಳು. ತೆನೆಯಲ್ಲಿ ಒಂದೆರಡು ಕಾಳು ಕಿತ್ತಳೆ ಅಥವಾ ಕೆಂಪಾದಾಗ ಇಡೀ ತೆನೆ ಕೊಯ್ಯಬೇಕು. ಮುಂಚೆ ಕೊಯ್ದರೆ ಒಣಗಿದಾಗ ಕಾಳು ಜೊಳ್ಳಾಗಿ ತೂಕ ಹೋಗುತ್ತದೆ. ಎಲ್ಲ ಕೆಂಪಾಗಲಿ ಎಂದು ಕಾದರೆ ಹಕ್ಕಿಗಳ ಪಾಲು, ಉದುರಿದ್ದು ನೆಲದ ಪಾಲು. ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿಟ್ಟು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಬೆಂದು ಬಣ್ಣ ಏರುವುದಿಲ್ಲ. ಸಿಪ್ಪೆಯಲ್ಲಿರುವ ಕಿಣ್ವದಿಂದ ಆ ಕಪ್ಪು ಬರುವುದು, ಅತಿ ಬೇಯಿಸಿದರೆ ಆ ಕಿಣ್ವವೇ ಸಾಯುತ್ತದೆ. ಒಣಹಾಕಲು ಸಗಣಿ ಸಾರಿಸಿದ ಅಂಗಳ ಬೇಡ, ಶುಭ್ರ ತಾಡಪಾಲು ಅಥವಾ ಸಿಮೆಂಟ್ ಕಣ ಇರಲಿ. ಮೂರರಿಂದ ಐದು ದಿನದ ಒಳ್ಳೆಯ ಬಿಸಿಲಿಗೆ ಒಣಗುತ್ತದೆ. ಹಸಿಯದರ ಮೂರನೇ ಒಂದು ಭಾಗ ಒಣ ಕಾಳು ಸಿಗುತ್ತದೆ, ತಳಿಯ ಮೇಲೆ ಸ್ವಲ್ಪ ಆಚೆ ಈಚೆ. ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಟಕ್ಕೆಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು, ಇಲ್ಲದಿದ್ದರೆ ಚೀಲದಲ್ಲಿ ಬೂಸ್ಟು. ಬಿಳಿಮೆಣಸಿಗಾದರೆ ಪೂರ್ತಿ ಹಣ್ಣಾದ ಕಾಳನ್ನು ಹರಿಯುವ ನೀರಿನಲ್ಲಿ ಏಳರಿಂದ ಹತ್ತು ದಿನ ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು ಒಣಗಿಸುತ್ತಾರೆ. ನಿಂತ ನೀರಿನಲ್ಲಿ ನೆನೆಸಿದರೆ ವಾಸನೆ ಹಿಡಿಯುತ್ತದೆ.

ಮುಂದಿನ ವರ್ಷದ ಸಸಿಗೆ ತಾಯಿಬಳ್ಳಿ ಆರಿಸುವ ಕಾಲ ಕೊಯ್ಲಲ್ಲ, ಅದಕ್ಕೂ ಮುಂಚಿನ ಅಕ್ಟೋಬರ್-ನವೆಂಬರ್. ತೆನೆ ತುಂಬಿ ನಿಂತಿರುವಾಗ ತೋಟ ಸುತ್ತಿ, ಐದರಿಂದ ಹನ್ನೆರಡು ವರ್ಷ ವಯಸ್ಸಿನ, ಬುಡದಿಂದಲೇ ರೆಂಬೆ ತುಂಬಿದ, ಎಲೆ ಸುಕ್ಕಾಗದ ಬಳ್ಳಿಯಿರುವ ಮರಕ್ಕೆ ಬಣ್ಣದ ಗುರುತು ಹಾಕಿ. ಎಲೆ ಕಿರಿದಾಗಿ ಸುಕ್ಕುಗಟ್ಟಿ ಬಿಳಿಚಿದ ಮಚ್ಚೆ ಇರುವ ಬಳ್ಳಿಯಲ್ಲಿ ನಂಜುರೋಗ ಇರುತ್ತದೆ, ಅದರ ಕಡ್ಡಿಯಿಂದ ಆದ ಪ್ರತಿ ಸಸಿಗೂ ಹೋಗುತ್ತದೆ. ಆರಿಸಿದ ಬಳ್ಳಿಯ ಬುಡದಲ್ಲಿ ಒಂದು ಗೂಟ ನೆಟ್ಟು, ಹಂಬುಗಳನ್ನು ಮಣ್ಣು ಮುಟ್ಟದಂತೆ ಅದಕ್ಕೆ ಸುತ್ತಿಡಿ. ಫೆಬ್ರವರಿ-ಮಾರ್ಚಿನಲ್ಲಿ ಬಿಚ್ಚಿ ಕತ್ತರಿಸಿ. ತುದಿಯ ಎಳೆಭಾಗ ಕೊಳೆಯುತ್ತದೆ, ಬುಡದ ಗಟ್ಟಿಭಾಗ ಚಿಗುರಲು ತಡ. ನಡುವಿನ ಭಾಗವನ್ನು ಎರಡು ಮೂರು ಗಂಟಿನ ತುಂಡು ಮಾಡಿ. ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸಿ, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ತುಂಬಿದ ಚೀಲದಲ್ಲಿ ಒಂದು ಗಂಟಾದರೂ ಮಣ್ಣಿನೊಳಗೆ ಹೋಗುವಂತೆ ನೆಟ್ಟು ನೆರಳಿನಲ್ಲಿಡಿ. ದಿನಾ ಹನಿಸುವಷ್ಟೇ ನೀರು. ಆ ತೊಟ್ಟು ಕೆಲವು ದಿನಗಳಲ್ಲಿ ತಾನಾಗಿ ಕಳಚಿ ಬಿದ್ದರೆ ಕಡ್ಡಿ ಬದುಕಿದೆ. ತೊಟ್ಟು ಕಪ್ಪಾಗಿ ಕಾಂಡಕ್ಕೇ ಅಂಟಿ ಕೂತರೆ ಆ ಚೀಲ ಪಕ್ಕಕ್ಕೆ ಸರಿಸಿ, ಬೇರೆ ಕಡ್ಡಿ ಹಾಕಿ.